ಮಾಸ್ಕ್ ತೆಗೀಬೇಡ ಚಿಕ್ಕಿ!

ಮಾರ್ಚ್ ತಿಂಗಳಲ್ಲಿ ನಮ್ಮ ಟೀಮ್ ಔಟಿಂಗ್ ಇತ್ತು. ಕನಕಪುರ ರಸ್ತೆಯ ಕಡೆ ಒಂದು ರೆಸಾರ್ಟ್. ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಬಫೆ, ನಡುವೆ ಪೇಂಟ್‌ಬಾಲ್. ವರ್ಷವಿಡೀ ನನ್ನ ಕೋಡ್‌ನಲ್ಲಿ ತಪ್ಪು ಹುಡುಕುವ ಟೀಮ್ ಲೀಡ್‌ಗೆ ಬಣ್ಣದ ಗುಂಡು ಹೊಡೆಯೋ ಅವಕಾಶ ಸಿಕ್ಕರೆ ಯಾರು ಬಿಡ್ತಾರೆ ಹೇಳಿ? ನಾನೂ ಬಿಡಲಿಲ್ಲ. ಅವರೂ ಬಿಡಲಿಲ್ಲ. ಸಂಜೆ ಮನೆಗೆ ಬಂದಾಗ ತೋಳಿನ ಮೇಲೊಂದು, ತೊಡೆಯ ಮೇಲೊಂದು ನೀಲಿ ಗುರುತು.

ಭಾನುವಾರ ಬನಶಂಕರಿಯ ಅಕ್ಕನ ಮನೆಗೆ ಹೋದೆ. ಅಕ್ಕನ ಮಗಳು ಚಿನ್ನು ನನ್ನ ತೋಳು ಹಿಡಿದು, 'ಚಿಕ್ಕಿ, ಇದೇನು? ಯಾರು ಹೊಡೆದ್ರು?' ಅಂದಳು. ನಾನು ಹೆಮ್ಮೆಯಿಂದ ಫೋನ್ ತೆಗೆದು ಫೋಟೋ ತೋರಿಸಿದೆ. ಮೈಯೆಲ್ಲ ಕಿತ್ತಳೆ ಬಣ್ಣ, ಮುಖಕ್ಕೆ ದೊಡ್ಡ ಮಾಸ್ಕ್, ಕೈಯಲ್ಲಿ ಗನ್. ಅಲ್ಲಿಗೆ ಮುಗೀತು. ಏಪ್ರಿಲ್ ಕೊನೆಯಲ್ಲಿ ಅವಳಿಗೆ ಎಂಟು ತುಂಬುತ್ತದೆ. 'ನನ್ನ ಬರ್ತ್‌ಡೇಗೆ ಕೇಕ್ ಬೇಡ, ಡ್ರೆಸ್ ಬೇಡ, ಇದೇ ಬೇಕು' ಅಂತ ಸೋಫಾ ಮೇಲೆ ನಿಂತು ಘೋಷಿಸಿಬಿಟ್ಟಳು.

ಭಾವ ಪೇಪರ್ ಮಡಿಚಿಟ್ಟು ನನ್ನ ಕಡೆ ನೋಡಿದರು. 'ಎಂಟು ವರ್ಷದ ಮಗು ಕೈಗೆ ಬಂದೂಕಾ? ಮನುಷ್ಯರಿಗೆ ಗುರಿಯಿಟ್ಟು ಹೊಡೆಯೋದನ್ನ ನಾವೇ ದುಡ್ಡು ಕೊಟ್ಟು ಕಲಿಸಬೇಕಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕ ಏನೂ ಹೇಳಲಿಲ್ಲ. ಹುರುಳಿಕಾಯಿ ಸೋಸುತ್ತಿದ್ದವಳು ಒಂದು ಕ್ಷಣ ನಿಲ್ಲಿಸಿ, ಎಡ ಹುಬ್ಬಿನ ಮೇಲೆ ಬೆರಳು ಆಡಿಸಿಕೊಂಡಳು. ಅದು ಅವಳಿಗೆ ಗೊತ್ತಿಲ್ಲದೆ ಆಗುವ ಅಭ್ಯಾಸ. ನನಗೆ ಮಾತ್ರ ಅದು ಗೊತ್ತಾಗದೆ ಹೋಗುವುದಿಲ್ಲ.

ಹುಬ್ಬಿನ ಮೇಲಿನ ಗುರುತು

ಅಕ್ಕನ ಎಡ ಹುಬ್ಬಿನ ಮೇಲೆ ಕೂದಲು ಬಾರದ ಒಂದು ಸಣ್ಣ ಗೆರೆ ಇದೆ. ಅದು ನನ್ನ ಕೈಕೆಲಸ.

ತಿಪಟೂರಿನ ನಮ್ಮ ಮನೆಯ ಹಿಂದೆ ಹತ್ತಾರು ತೆಂಗಿನ ಮರ. ನನಗೆ ಆಗ ಎಂಟು, ಅಕ್ಕನಿಗೆ ಹದಿಮೂರು. ಪಕ್ಕದ ಮನೆ ಹುಡುಗರ ಹತ್ತಿರ ಚಾಟರಬಿಲ್ಲು ಇತ್ತು. ನನಗೆ ಕೊಡಲಿಲ್ಲ, 'ಹುಡುಗೀರಿಗೆ ಬರಲ್ಲ' ಅಂದರು. ಸೀಬೆ ಮರದ ಕವಲುಕೊಂಬೆ ಮುರಿದು, ಅಪ್ಪನ ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿ ಕಟ್ಟಿ ನಾನೇ ಒಂದು ಮಾಡಿಕೊಂಡೆ. ತೆಂಗಿನ ಮರಕ್ಕೆ ಹಳೇ ತಟ್ಟೆ ನೇತುಹಾಕಿ ಕಲ್ಲು ಹೊಡೆಯೋದು. ತಟ್ಟೆಗೆ ಬಿದ್ದರೆ 'ಠಣ್' ಅನ್ನೋದು. ಆ ಸದ್ದಿಗಾಗಿ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಒಂದು ದಿನ ಅಕ್ಕ ಬಟ್ಟೆ ಒಣಗಿಸಲು ಬಕೆಟ್ ಹಿಡಿದು ಮರದ ಪಕ್ಕದಿಂದ ಬಂದಳು. ನಾನು ಟ್ಯೂಬ್ ಬಿಟ್ಟಾಗಿತ್ತು.

ನಾಲ್ಕು ಹೊಲಿಗೆ. 'ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗ್ತಿತ್ತು' ಅಂದರು ಡಾಕ್ಟರು. ಅಪ್ಪ ಮನೆಗೆ ಬಂದವರೇ ಚಾಟರಬಿಲ್ಲನ್ನು ಮುರಿದು ಬಚ್ಚಲಿನ ಹಂಡೆ ಒಲೆಗೆ ಹಾಕಿದರು. ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತೇನೋ. ಆಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಯಾರಾದರೂ ಕೇಳಿದರೆ ಅಕ್ಕ 'ಬಚ್ಚಲಲ್ಲಿ ಜಾರಿ ಬಿದ್ದೆ' ಅನ್ನುತ್ತಿದ್ದಳು. ಭಾವನಿಗೂ ಹಾಗೇ ಹೇಳಿದ್ದಾಳೆ.

ಆ ಭಾನುವಾರ ರಾತ್ರಿ ನಾನು ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು. 'ಅವಳು ಬಿಡೋಲ್ಲ ಕಣೇ. ನಾವು ಬೇಡ ಅಂದ್ರೆ ನಾಳೆ ಯಾವುದೋ ಫ್ರೆಂಡ್ ಬರ್ತ್‌ಡೇ ಪಾರ್ಟೀಲಿ ಆಡ್ತಾಳೆ, ನಮಗೆ ಗೊತ್ತೂ ಆಗಲ್ಲ. ನೀನು ಎಲ್ಲ ನೋಡ್ಕೊಂಡು ಬಾ. ನೀನು ಸರಿ ಅಂದ್ರೆ ಕಳಿಸ್ತೀನಿ.'

ಬೇರೆ ಯಾರಿಗಾದರೂ ಹೇಳಬಹುದಿತ್ತು. ನನಗೇ ಹೇಳಿದಳು.

ಇಂಜಿನಿಯರ್ ಬುದ್ಧಿ

ಭಯ ಆದಾಗ ನಾನು ಲೆಕ್ಕ ಹಾಕುತ್ತೇನೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ.

ನಾವು ದೊಡ್ಡವರು ಔಟಿಂಗ್‌ನಲ್ಲಿ ಆಡಿದ್ದು 0.68 ಇಂಚಿನ ಬಾಲ್. ಅಂದರೆ ಸುಮಾರು 17 ಮಿಲಿಮೀಟರ್ ದಪ್ಪ, 3 ಗ್ರಾಂ ತೂಕ. ಆಟದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಗರಿಷ್ಠ ವೇಗ ಸೆಕೆಂಡಿಗೆ 300 ಅಡಿ. ಅದನ್ನು ನಮ್ಮ ಭಾಷೆಗೆ ತಂದರೆ ಗಂಟೆಗೆ ಸುಮಾರು 330 ಕಿಲೋಮೀಟರ್! ಬಹಳಷ್ಟು ಮೈದಾನಗಳಲ್ಲಿ 280 ಅಡಿಗೆ ಇಳಿಸಿಡುತ್ತಾರೆ. ಆಗಲೂ ಬಾಲ್ ಹೊತ್ತು ತರುವ ಶಕ್ತಿ ಸುಮಾರು 11 ಜೂಲ್. ನನ್ನ ತೊಡೆಯ ನೀಲಿ ಗುರುತಿನ ಅರ್ಥ ಆಗ ತಿಳಿಯಿತು.

ಮಕ್ಕಳಿಗೆ ಬೇರೆ ಸಾಮಾನು ಇದೆ. 'ಲೋ ಇಂಪ್ಯಾಕ್ಟ್' ಅಂತಾರೆ. ಬಾಲ್ 0.50 ಇಂಚು, ತೂಕ ಸುಮಾರು 1.2 ಗ್ರಾಂ. ಕೆಲವು ಗನ್‌ಗಳಲ್ಲಿ ಗ್ಯಾಸ್ ಸಿಲಿಂಡರೇ ಇರುವುದಿಲ್ಲ, ಒಳಗೆ ಸ್ಪ್ರಿಂಗ್. ಪ್ರತಿ ಸಲ ಎಳೆದು ಹೊಡೆಯಬೇಕು, ಹಾಗಾಗಿ ಪಟಪಟ ಅಂತ ಹತ್ತು ಬಾಲ್ ಒಟ್ಟಿಗೆ ಬರುವುದಿಲ್ಲ. ವೇಗ ಸೆಕೆಂಡಿಗೆ 210 ಅಡಿ ಅಂದುಕೊಂಡರೆ ಶಕ್ತಿ 2.5 ಜೂಲ್ ಆಸುಪಾಸು. ದೊಡ್ಡವರ ಬಾಲಿನ ಕಾಲು ಭಾಗಕ್ಕೂ ಕಡಿಮೆ. ಪರವಾಗಿಲ್ಲ ಅನ್ನಿಸಿತು.

ಆಮೇಲೆ ಕಣ್ಣಿನ ವಿಷಯ ಓದಿದೆ. ನಿದ್ದೆ ಹೋಯಿತು.

ನಮ್ಮ ಕಣ್ಣಿನ ಸುತ್ತ ಮೂಳೆಯ ಗೂಡಿದೆ. ಕ್ರಿಕೆಟ್ ಬಾಲ್ ದಪ್ಪ 7 ಸೆಂಟಿಮೀಟರಿಗಿಂತ ಜಾಸ್ತಿ. ಅದು ಮುಖಕ್ಕೆ ಬಿದ್ದರೆ ಮೊದಲ ಪೆಟ್ಟು ಹೆಚ್ಚಾಗಿ ಹುಬ್ಬಿನ ಮೂಳೆಗೆ, ಕೆನ್ನೆಯ ಮೂಳೆಗೆ. ಆದರೆ ಕಣ್ಣಿನ ಗೂಡಿನ ಬಾಯಿ ದೊಡ್ಡವರಲ್ಲಿ ಅಗಲ ಸುಮಾರು 4 ಸೆಂಟಿಮೀಟರ್. 17 ಮಿಲಿಮೀಟರಿನ ಬಾಲ್ ಮೂಳೆಗೆ ತಾಗದೆ ನೇರ ಗುಡ್ಡೆಗೇ ಬೀಳಬಹುದು. ಸುಮಾರು 13 ಮಿಲಿಮೀಟರಿನದ್ದು ಇನ್ನೂ ಸಲೀಸಾಗಿ. ಕಣ್ಣೊಳಗೆ ರಕ್ತಸ್ರಾವ, ಅಕ್ಷಿಪಟಲ ಕಳಚಿಕೊಳ್ಳುವುದು, ವರ್ಷಗಳ ನಂತರ ಗ್ಲಾಕೋಮಾ, ಎಲ್ಲವೂ ಸಾಧ್ಯ. ಪ್ರತಿ ದೀಪಾವಳಿಯ ಮಾರನೇ ದಿನ ಪೇಪರ್‌ನಲ್ಲಿ ಮಿಂಟೊ ಆಸ್ಪತ್ರೆಯ ಸುದ್ದಿ ಓದುತ್ತೇವಲ್ಲ, ಹಾಗೆ.

ಇನ್ನೊಂದು ಮಾತೂ ಸ್ಪಷ್ಟವಾಯಿತು. ಪೇಂಟ್‌ಬಾಲ್‌ನಿಂದ ಕಣ್ಣು ಕಳೆದುಕೊಂಡವರಲ್ಲಿ ಹೆಚ್ಚಿನವರು ಪೆಟ್ಟು ಬಿದ್ದಾಗ ಮಾಸ್ಕ್ ಹಾಕಿರಲಿಲ್ಲ. ಮರೆತವರಿದ್ದಾರೆ, 'ಆಟ ಮುಗೀತಲ್ಲ' ಅಂತ ಎತ್ತಿದವರಿದ್ದಾರೆ, ಮಬ್ಬಾಯಿತು ಅಂತ ಒರೆಸಿಕೊಳ್ಳಲು ಒಂದೇ ನಿಮಿಷ ತೆಗೆದವರಿದ್ದಾರೆ. ಮೈಗೆ ಬೀಳುವ ಏಟು ವಾರದಲ್ಲಿ ಮಾಯುತ್ತದೆ. ನಾನು ಕಾಯಬೇಕಾದದ್ದು ಎರಡು ಕಣ್ಣು. ಅದರಲ್ಲೂ ಚಿನ್ನುಗೆ ಕನ್ನಡಕ ಇದೆ. ಕನ್ನಡಕದ ಮೇಲೆ ಮಾಸ್ಕ್ ಹಾಕಿದರೆ ಉಸಿರಿಗೆ ಮಬ್ಬು ಹಿಡಿಯುವುದು ಗ್ಯಾರಂಟಿ.

ಮೊದಲ ಮೈದಾನದಿಂದ ವಾಪಸ್

ಏಪ್ರಿಲ್ ಎರಡನೇ ವಾರ ಚಿನ್ನುವನ್ನೂ ಕರೆದುಕೊಂಡೇ ಒಂದು ಜಾಗ ನೋಡಲು ಹೋದೆ. ಫೋನ್‌ನಲ್ಲಿ 'ಮಕ್ಕಳೂ ಆಡ್ತಾರೆ ಮೇಡಂ, ಬನ್ನಿ' ಅಂದಿದ್ದರು. ಆಡುವುದಾದರೆ ಇವತ್ತೇ ಆಡಿಸಿಬಿಡೋಣ ಅನ್ನುವ ಆಸೆಯೂ ನನ್ನಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

ಹೋದವಳೇ ಮೈದಾನದ ಅಂಚು ನೋಡಿದೆ. ಸುತ್ತ ಹಸಿರು ಬಲೆ ಕಟ್ಟಿದ್ದರು, ಒಂದು ಮೂಲೆಯಲ್ಲಿ ಹರಿದು ಜೋತುಬಿದ್ದಿತ್ತು. ಅದರ ಪಕ್ಕದಲ್ಲೇ ಬೆಂಚು, ಬೆಂಚಿನ ಮೇಲೆ ಆಡದೇ ಇರುವವರು ಟೀ ಕುಡಿಯುತ್ತಿದ್ದಾರೆ. ಒಳಗೆ ಔಟಾದ ಕಾಲೇಜು ಹುಡುಗನೊಬ್ಬ ಮಾಸ್ಕನ್ನು ಹಣೆಗೆ ಏರಿಸಿಕೊಂಡು ನಗುತ್ತಾ ನಡೆದು ಬರುತ್ತಿದ್ದ, ಅವನ ಹಿಂದೆ ಇನ್ನೂ ಆಟ ನಡೀತಿತ್ತು. ಯಾರೂ ಏನೂ ಅನ್ನಲಿಲ್ಲ.

'ಮಕ್ಕಳಿಗೆ ಬೇರೆ ಗನ್ ಇದೆಯಾ?' ಕೇಳಿದೆ.

'ಎಲ್ಲಾ ಒಂದೇ ಮೇಡಂ. ಸ್ವಲ್ಪ ದೂರದಿಂದ ಹೊಡೀರಿ ಅಂತೀವಿ.'

'ವೇಗ ಅಳೆಯೋ ಮೀಟರ್?'

'ಅದೆಲ್ಲ ಸೆಟ್ ಆಗಿರುತ್ತೆ. ಏನೂ ಆಗಲ್ಲ ಬನ್ನಿ ಮೇಡಂ.'

ಮಾಸ್ಕ್ ತಂದುಕೊಟ್ಟರು. ಚಿನ್ನು ತಲೆಗೆ ಹಾಕಿದರೆ ಕೆನ್ನೆ ಹತ್ತಿರ ನನ್ನ ಎರಡು ಬೆರಳು ಆರಾಮಾಗಿ ಒಳಗೆ ಹೋಯಿತು. ಗಾಜಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. 'ಸರಿ, ಇನ್ನೊಂದು ಸಲ ಬರ್ತೀವಿ' ಅಂದೆ.

ಕಾರಿನಲ್ಲಿ ಚಿನ್ನು ಅತ್ತಳು. ಸಣ್ಣ ಅಳು ಅಲ್ಲ. 'ನೀನು ಪ್ರಾಮಿಸ್ ಮಾಡಿದ್ದೆ. ನೀನು ಆಡಿದೀಯ, ನಂಗೆ ಮಾತ್ರ ಬೇಡ ಅಂತೀಯ.' ನನಗೆ ಮನೆಗೆ ಹೋಗುವ ದಾರಿ ಎಂದೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಬೇಡ ಅನ್ನುವುದು ಸುಲಭ, ಆದರೆ ಯಾಕೆ ಅಂತ ಹೇಳದೆ ಬೇಡ ಅಂದರೆ ಅದು ಹಂಡೆ ಒಲೆಗೆ ಹಾಕಿದ ಹಾಗೆಯೇ. ಜೆ.ಪಿ. ನಗರದ ಹತ್ತಿರ ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಎಳನೀರು ಕುಡಿಯುತ್ತಾ ಅವಳಿಗೆ ಆ ಬಿರುಕು, ಆ ಎರಡು ಬೆರಳಿನ ಸಂದು, ಆ ಹುಡುಗ, ಎಲ್ಲ ಹೇಳಿದೆ. ಕೊನೆಗೆ, ಅಕ್ಕನ ಕ್ಷಮೆಯಿರಲಿ, ಅಮ್ಮನ ಹುಬ್ಬಿನ ಮೇಲೆ ಗೆರೆ ಯಾಕಿದೆ ಅನ್ನುವುದನ್ನೂ ಹೇಳಿದೆ.

ಚಿನ್ನು ಬಹಳ ಹೊತ್ತು ಸುಮ್ಮನಿದ್ದಳು. 'ಅಮ್ಮ ಜೋರಾಗಿ ಅತ್ತಳಾ?' ಅಂತ ಕೇಳಿದಳು.

'ಇಲ್ಲ. ನಾನು ಅತ್ತೆ.'

ಮನೆಯಲ್ಲೇ ಪಾಠ

ಆಮೇಲಿನ ಎರಡು ವಾರ ನಮ್ಮಿಬ್ಬರದು ತಯಾರಿ. ಚಿನ್ನುವಿನ ಈಜು ಕನ್ನಡಕವೇ ಮಾಸ್ಕ್, ಸೌತೆಕಾಯಿಯೇ ಗನ್. (ಇದು ನಾಟಕಕ್ಕೆ ಮಾತ್ರ. ಈಜು ಕನ್ನಡಕ, ಕೂಲಿಂಗ್ ಗ್ಲಾಸ್, ನಂಬರ್ ಕನ್ನಡಕ ಯಾವುದೂ ಪೇಂಟ್‌ಬಾಲ್ ತಡೆಯುವುದಿಲ್ಲ. ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ.)

ಮೂರೇ ನಿಯಮ. ಒಂದು, ಒಳಗೆ ಹೋಗುವಾಗ ಮೊದಲು ಮಾಸ್ಕ್, ಆಮೇಲೆ ಗನ್ನಿನ ಬಾಯಿಯ ಕವರ್ ತೆಗೆಯುವುದು. ಹೊರಗೆ ಬರುವಾಗ ಉಲ್ಟಾ, ಮೊದಲು ಎಲ್ಲರ ಗನ್ನಿಗೂ ಕವರ್, ಆಮೇಲೆ ಬಲೆ ದಾಟಿ ಮಾಸ್ಕ್ ತೆಗೆಯುವುದು. ಎರಡು, ಕವರ್ ಹಾಕಿದ್ದರೂ ಗನ್ನಿನ ಬಾಯಿ ನೆಲದ ಕಡೆಗೇ ಇರಬೇಕು, ಬೆರಳು ಟ್ರಿಗರ್‌ನಿಂದ ಹೊರಗೆ. ಮೂರು, ಮಾಸ್ಕ್ ಮಬ್ಬಾದರೆ, ಬೆವರು ಕಣ್ಣಿಗೆ ಇಳಿದರೆ, ಮೂಗು ಕೆರೆದರೆ, ಭಯವಾದರೆ, ಏನೇ ಆದರೂ ಮಾಸ್ಕಿಗೆ ಕೈ ಹಾಕುವಂತಿಲ್ಲ. ಕೂತು, ಒಂದು ಕೈ ಮೇಲೆತ್ತಿ, 'ಮಾಸ್ಕ್!' ಅಂತ ಕೂಗಬೇಕು.

ಅವಳು ಟಿವಿ ನೋಡುವಾಗ, ಹೋಮ್‌ವರ್ಕ್ ಮಾಡುವಾಗ ನಾನು ಇದ್ದಕ್ಕಿದ್ದ ಹಾಗೆ 'ಮಬ್ಬು!' ಅನ್ನುತ್ತಿದ್ದೆ. ಅವಳು ತಕ್ಷಣ ಕೂತು ಕೈ ಎತ್ತಬೇಕು. ಒಂದು ದಿನ ಊಟದ ಮಧ್ಯೆ ಅನ್ನ ಸಾರು ಕಲಸಿದ ಕೈಯನ್ನೇ ಎತ್ತಿದಳು, ಭಾವನ ಶರ್ಟಿನ ಮೇಲೆ ಸಾರು. ಭಾವ ನಗಲಿಲ್ಲ. ಆದರೆ ಮಾರನೇ ದಿನ ಅವರೇ 'ಮಬ್ಬು!' ಅಂದಿದ್ದನ್ನು ಅಕ್ಕ ಫೋನ್ ಮಾಡಿ ಹೇಳಿದಳು.

ಭಾವನ ಪ್ರಶ್ನೆ ಮಾತ್ರ ನನ್ನೊಳಗೆ ಹಾಗೇ ಇತ್ತು. ಮಗುವಿಗೆ ಬಂದೂಕು ಆಟ ಯಾಕೆ? ಅದಕ್ಕೆ ನನಗೆ ಅರ್ಧ ಉತ್ತರ ಸಿಕ್ಕಿದ್ದು ಈ ಆಟದ ಹುಟ್ಟಿನ ಕಥೆಯಲ್ಲಿ. ಅಮೆರಿಕದಲ್ಲಿ ಕಾಡಿನವರು ಕಡಿಯಬೇಕಾದ ಮರಗಳಿಗೆ, ದನ ಸಾಕುವವರು ದನಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ನೆಲ್ಸನ್ ಪೇಂಟ್ ಎಂಬ ಕಂಪನಿಯ ಗುಂಡು ಬಳಸುತ್ತಿದ್ದರು. ಅದಕ್ಕೇ ಬಲ್ಲವರು ಇವತ್ತಿಗೂ ಇದನ್ನು ಗನ್ ಅನ್ನದೆ 'ಮಾರ್ಕರ್' ಅನ್ನುತ್ತಾರೆ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಜನ ಸೇರಿ ಮೊದಲ ಆಟ ಆಡಿದರು. ಬಾವುಟಗಳನ್ನು ಕಲೆಹಾಕಿ, ಹೊಡೆತ ತಿನ್ನದೆ ಹೊರಬರಬೇಕು. ಗೆದ್ದವನು ರಿಚೀ ವೈಟ್ ಅನ್ನುವ ಕಾಡಿನ ಕಸುಬಿನವನು. ಅವನು ಇಡೀ ಆಟದಲ್ಲಿ ಒಂದೇ ಒಂದು ಗುಂಡು ಹಾರಿಸಲಿಲ್ಲ!

ಚಿನ್ನುಗೆ ಈ ಕಥೆ ಎಷ್ಟು ಹಿಡಿಸಿತು ಅಂದರೆ, ಅಪ್ಪನಿಗೆ ಮೂರು ಸಲ ಹೇಳಿದಳು. 'ಅಪ್ಪಾ, ನಾನೂ ಯಾರಿಗೂ ಹೊಡೆಯಲ್ಲ. ಬಾವುಟ ತಗೊಂಡು ಬರ್ತೀನಿ.' ಭಾವ, 'ನೋಡೋಣ' ಅಂದರು. ನಮ್ಮ ಭಾವನ ಬಾಯಲ್ಲಿ 'ನೋಡೋಣ' ಅಂದರೆ ಮುಕ್ಕಾಲು ಒಪ್ಪಿಗೆ.

ಎರಡನೇ ಮೈದಾನ

ಈ ಸಲ ಹೋಗುವ ಮೊದಲೇ ಫೋನಿನಲ್ಲಿ ಪ್ರಶ್ನೆ ಕೇಳಿದೆ. ನಿಮಗೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮಕ್ಕಳಿಗೆ 0.50 ಇಂಚಿನ ಲೋ ಇಂಪ್ಯಾಕ್ಟ್ ಸೆಟ್ ಇದೆಯಾ? ಎಷ್ಟು ವಯಸ್ಸಿನಿಂದ ಆಡಿಸ್ತೀರಿ? ಮಕ್ಕಳ ಅಳತೆಯ, ಕಿವಿ ಗದ್ದ ಎಲ್ಲ ಮುಚ್ಚುವ, ಪೇಂಟ್‌ಬಾಲ್‌ಗೇ ಮಾಡಿದ ಮಾಸ್ಕ್ ಇದೆಯಾ? ಗಾಜು ಯಾವಾಗ ಬದಲಾಯಿಸಿದ್ದೀರಿ? ಆಟಕ್ಕೆ ಮೊದಲು ನನ್ನ ಮುಂದೆ ಕ್ರೋನೋಗ್ರಾಫ್‌ನಲ್ಲಿ ವೇಗ ಅಳೆದು ತೋರಿಸ್ತೀರಾ? ಮಕ್ಕಳನ್ನು ದೊಡ್ಡವರ ಜೊತೆ ಸೇರಿಸ್ತೀರಾ? ಒಳಗೆ ಮಾರ್ಷಲ್ ಇರ್ತಾರಾ?

ಒಂದು ಜಾಗದವರು 'ಮೇಡಂ ನೀವು ಇನ್ಸ್‌ಪೆಕ್ಷನ್ನಾ?' ಅಂದರು. ಇನ್ನೊಬ್ಬರು ಫೋನ್ ಇಟ್ಟುಬಿಟ್ಟರು. ಮೂರನೆಯವರು ತಾಳ್ಮೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ 'ಮಗುಗೆ ಕನ್ನಡಕ ಇದೆಯಾ?' ಅಂತ ಅವರೇ ಕೇಳಿದರು. ಅಲ್ಲಿಗೆ ನಿರ್ಧಾರ ಆಯಿತು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಹೊರಟೆವು, ಬಿಸಿಲೇರುವ ಮೊದಲೇ ಮುಗಿಯಲಿ ಅಂತ. ಚಿನ್ನು, ಅವಳ ಕ್ಲಾಸಿನ ಮೂವರು, ಅವರ ಅಪ್ಪ ಅಮ್ಮಂದಿರು. ಆ ಅಪ್ಪ ಅಮ್ಮಂದಿರಿಗೂ ನಾನು ಮೊದಲೇ ಎಲ್ಲ ವಿವರ ಕಳಿಸಿ, ಬೇಡ ಅನ್ನಿಸಿದರೆ ಬರೀ ಕೇಕ್ ತಿನ್ನಲು ಬನ್ನಿ ಅಂದಿದ್ದೆ. ಮಕ್ಕಳಿಗೆಲ್ಲ ತುಂಬು ತೋಳಿನ ಹತ್ತಿ ಅಂಗಿ, ಒಳಗೊಂದು ಬನಿಯನ್, ಟ್ರ್ಯಾಕ್ ಪ್ಯಾಂಟ್, ಶೂ, ಕತ್ತಿಗೆ ಸುತ್ತಲು ಕರ್ಚೀಫ್. ಅಲ್ಲಿ ಎದೆಗೆ ಪ್ಯಾಡ್, ಕೈಗೆ ಗ್ಲೌಸ್ ಕೊಟ್ಟರು. ಬಣ್ಣ ನೀರಿನಲ್ಲಿ ಹೋಗುವಂಥದ್ದು. ಬಾಲಿನ ಹೊರಪದರ ಮಾತ್ರೆ ಕ್ಯಾಪ್ಸೂಲಿನ ಹಾಗೆ ಜೆಲಾಟಿನ್. ನೆಲಕ್ಕೆ ಬಿದ್ದ ಬಾಲ್ ಎತ್ತಿ ಮತ್ತೆ ತುಂಬಬಾರದು. ತೇವಕ್ಕೆ ಊದಿಕೊಂಡು, ಮಣ್ಣು ಮೆತ್ತಿಕೊಂಡು ಗನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಮಾರ್ಷಲ್ ವಿವರಿಸಿದರು.

ಕ್ರೋನೋಗ್ರಾಫ್ ಮುಂದೆ ಪ್ರತಿ ಮಾರ್ಕರ್‌ನಿಂದ ಮೂರು ಮೂರು ಬಾಲ್ ಹೊಡೆದು ತೋರಿಸಿದರು. 205, 212, 208. ನಾನು ಮಾಸ್ಕ್ ಹಾಕಿಕೊಂಡು ಹತ್ತು ಹೆಜ್ಜೆ ದೂರ ನಿಂತು, 'ನನ್ನ ಬೆನ್ನಿಗೆ ಒಂದು ಹೊಡೀರಿ' ಅಂದೆ. ಮಾರ್ಷಲ್ ನನ್ನನ್ನು ವಿಚಿತ್ರವಾಗಿ ನೋಡಿ ಹೊಡೆದರು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅಂತು. ಅಷ್ಟೇ. ಚಿನ್ನು ಮುಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. 'ನೋವಾಯ್ತಾ ಚಿಕ್ಕಿ?' 'ಆಯ್ತು. ಇಂಜೆಕ್ಷನ್ನಿಗಿಂತ ಕಡಿಮೆ, ಚಿವುಟಿದ್ದಕ್ಕಿಂತ ಜಾಸ್ತಿ.' ಮಕ್ಕಳಿಗೆ 'ನೋವೇ ಆಗಲ್ಲ' ಅಂತ ಸುಳ್ಳು ಹೇಳಬಾರದು. ಮೊದಲ ಏಟಿಗೇ ನಮ್ಮ ಮಾತಿನ ಮೇಲೆ ನಂಬಿಕೆ ಹೋಗುತ್ತದೆ.

ಮೊದಲು ಅರ್ಧ ಗಂಟೆ ಬರೀ ತಗಡಿನ ಡಬ್ಬಕ್ಕೆ ಗುರಿ. 'ಠಣ್' ಅಂತ ಸದ್ದು ಬಂದಾಗ ಚಿನ್ನು ಕುಣಿದಳು. ನನಗೆ ತಿಪಟೂರು ನೆನಪಾಯಿತು. ಆಗಲೇ ಒಬ್ಬ ಹುಡುಗ 'ನಂಗೆ ಸಾಕು, ನಾನು ಇಷ್ಟೇ ಆಡ್ತೀನಿ' ಅಂದ. ಅವನ ಅಪ್ಪ, 'ಏ, ಹೆದರುಪುಕ್ಕಲ' ಅನ್ನಲು ಹೊರಟವರು ಮಾರ್ಷಲ್ ಮುಖ ನೋಡಿ ಸುಮ್ಮನಾದರು. ಆ ಹುಡುಗ ಹೊರಗೆ ಕೂತು ಸ್ಕೋರ್ ಬರೆದ. ಅವನೇ ಎಲ್ಲರಿಗಿಂತ ಖುಷಿಯಾಗಿದ್ದ.

'ಮಾಸ್ಕ್!'

ಮೂರು ಮಕ್ಕಳು, ಅವರ ಜೊತೆ ಅದೇ ಸಣ್ಣ ಮಾರ್ಕರ್ ಹಿಡಿದ ನಾವು ಮೂವರು ದೊಡ್ಡವರು. ಮಧ್ಯದಲ್ಲಿ ಟೈರಿನ ಗುಡ್ಡೆ, ಅದರ ಮೇಲೆ ಕೆಂಪು ಬಾವುಟ. ಹತ್ತು ಅಡಿಗಿಂತ ಹತ್ತಿರ ಬಂದರೆ ಹೊಡೆಯುವಂತಿಲ್ಲ, 'ಸರೆಂಡರ್' ಅಂತ ಕೇಳಬೇಕು.

ಮೊದಲ ಆಟದಲ್ಲಿ ಚಿನ್ನು ಡ್ರಮ್ಮಿನ ಹಿಂದಿನಿಂದ ಹೊರಬರಲೇ ಇಲ್ಲ. ಎರಡನೇ ಆಟದಲ್ಲಿ ಮೆಲ್ಲಗೆ ತೆವಳಿ ತೆವಳಿ ಟೈರಿನ ಹತ್ತಿರ ಹೋದಳು. ಒಂದೂ ಬಾಲ್ ಹಾರಿಸಿರಲಿಲ್ಲ. ನಾನು ಇನ್ನೊಂದು ತುದಿಯಲ್ಲಿದ್ದೆ. ಅವಳು ನಿಂತಳು. ಅವಳ ಎಡಗೈ ಮಾಸ್ಕಿನ ಕೆಳಅಂಚಿಗೆ ಹೋಯಿತು.

ಮಬ್ಬು. ನನಗೆ ಅಲ್ಲಿಂದಲೇ ಗೊತ್ತಾಯಿತು. ಮಕ್ಕಳ ಕೈ ತಾನಾಗಿ ಹೋಗುತ್ತದೆ, ಕನ್ನಡಕ ಒರೆಸಿಕೊಳ್ಳುವವರ ಕೈ ಇನ್ನೂ ಬೇಗ. ಆ ಕಡೆಯಿಂದ ಟಪ್ ಟಪ್ ಅಂತ ಬಾಲ್ ಹಾರುತ್ತಲೇ ಇತ್ತು. ನಾನು ಕೂಗಿದೆನಾ ಇಲ್ಲವಾ ನೆನಪಿಲ್ಲ. ಗಂಟಲಿಂದ ಸದ್ದು ಬಂದ ನೆನಪಂತೂ ಇಲ್ಲ. ತೆಂಗಿನ ಮರದ ಪಕ್ಕದಿಂದ ಬಕೆಟ್ ಹಿಡಿದು ಬರುವ ಅಕ್ಕ ಮಾತ್ರ ಕಣ್ಣ ಮುಂದೆ ಬಂದಳು.

ಚಿನ್ನುವಿನ ಕೈ ಅಂಚಿನಲ್ಲೇ ನಿಂತಿತು. ಅವಳು ದಡಕ್ಕನೆ ನೆಲಕ್ಕೆ ಕೂತಳು. ಕೈ ಮೇಲಕ್ಕೆ ಹೋಯಿತು.

'ಮಾಸ್ಕ್!'

ಮಾರ್ಷಲ್ ಸೀಟಿ ಊದಿದರು. ಎಲ್ಲರೂ ನಿಂತರು. ಎಲ್ಲ ಗನ್ನಿಗೂ ಕವರ್ ಬಿತ್ತು. ಮಾರ್ಷಲ್ ಅವಳ ಕೈ ಹಿಡಿದು ಬಲೆಯ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿ ಮಾಸ್ಕ್ ತೆಗೆಸಿ, ಕನ್ನಡಕ ಒರೆಸಿ, ಮಬ್ಬು ಹಿಡಿಯದ ದ್ರವ ಸವರಿ ಮತ್ತೆ ಹಾಕಿದರು. ಎರಡು ನಿಮಿಷದ ಕೆಲಸ. ನನ್ನ ಮೊಣಕಾಲು ಮಾತ್ರ ಇನ್ನೂ ನಡುಗುತ್ತಿತ್ತು.

ಮೂರನೇ ಆಟದಲ್ಲಿ ಅವಳ ಭುಜಕ್ಕೆ ಬಾಲ್ ಬಿತ್ತು. ಕೈ ಎತ್ತಿ 'ಹಿಟ್' ಅಂದಳು, ನಡೆದು ಹೊರಗೆ ಬಂದಳು, ಬಲೆ ದಾಟಿದ ಮೇಲೆ ಅತ್ತಳು. ನೀರು ಕುಡಿದಳು. 'ಇನ್ನೊಂದು ಆಟ?' ಅಂದೆ. ತಲೆ ಅಡ್ಡ ಆಡಿಸಿದಳು. ಸರಿ ಅಂದೆ. ಐದು ನಿಮಿಷದ ನಂತರ ಅವಳೇ ಎದ್ದು ಮಾಸ್ಕ್ ಹಾಕಿಕೊಂಡಳು. ಬಾವುಟ ಅವಳಿಗೆ ಸಿಗಲಿಲ್ಲ. ಕೊನೆಯ ಆಟದಲ್ಲಿ ಬೇರೆ ಹುಡುಗಿ ಎತ್ತಿಕೊಂಡು ಓಡಿದಳು.

ಎಲ್ಲ ಮುಗಿದ ಮೇಲೆ ನಡೆದ ಒಂದು ವಿಷಯ ಹೇಳಲೇಬೇಕು. ಸೀಟಿ ಊದಿಯಾಗಿತ್ತು. ಎಲ್ಲರ ಮೈಮೇಲೂ ಬಣ್ಣ. ಒಂದು ಸೆಲ್ಫಿ ತೆಗೆಯೋಣ ಅಂತ ಫೋನ್ ಹಿಡಿದು, ಮುಖ ಕಾಣಲಿ ಅಂತ ನಾನು ಮಾಸ್ಕಿನ ಅಂಚಿಗೆ ಕೈ ಹಾಕಿದೆ. ಬಲೆ ಇನ್ನೂ ದಾಟಿರಲಿಲ್ಲ. ಒಬ್ಬರ ಗನ್ನಿಗೆ ಇನ್ನೂ ಕವರ್ ಬಿದ್ದಿರಲಿಲ್ಲ.

'ಮಾಸ್ಕ್ ತೆಗೀಬೇಡ ಚಿಕ್ಕಿ!'

ಇಡೀ ಮೈದಾನಕ್ಕೆ ಕೇಳಿಸುವ ಹಾಗೆ ಕಿರುಚಿದಳು. ಮಾರ್ಷಲ್ ತಿರುಗಿ ನೋಡಿದರು. ಎರಡು ವಾರ ಪಾಠ ಹೇಳಿದ ನಾನು ಮೂವತ್ತರ ಹರೆಯದಲ್ಲಿ ಎಂಟು ವರ್ಷದವಳ ಕೈಲಿ ಬೈಸಿಕೊಂಡೆ. ಆ ಫೋಟೋದಲ್ಲಿ ನಾವೆಲ್ಲ ಮಾಸ್ಕ್ ಹಾಕಿಕೊಂಡೇ ಇದ್ದೇವೆ. ಯಾರು ಯಾರು ಅಂತ ಗೊತ್ತಾಗುವುದಿಲ್ಲ.

ಮನೆಗೆ

ಸಂಜೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಚಿನ್ನು ಓಡಿಹೋಗಿ ಅಂಗಿ ಜಾರಿಸಿ ಭುಜದ ಮೇಲಿನ ಕೆಂಪು ಗುರುತು ತೋರಿಸಿದಳು, ಮೆಡಲ್ ತೋರಿಸಿದ ಹಾಗೆ. ಒಂದು ರೂಪಾಯಿ ನಾಣ್ಯದಷ್ಟು. ಭಾವ ಅದನ್ನು ನೋಡಿ, 'ನೀನು ಎಷ್ಟು ಜನಕ್ಕೆ ಹೊಡೆದೆ?' ಅಂದರು. 'ಒಬ್ಬರಿಗೂ ಇಲ್ಲ. ನಾಲ್ಕು ಸಲ ಬಾವುಟದ ಹತ್ತಿರ ಹೋದೆ.' ಭಾವ ಏನೂ ಹೇಳದೆ ಅವಳ ತಲೆ ಸವರಿದರು. ಅವರ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಈಗಲೂ ಇಲ್ಲ. ಮುಂದಿನ ವರ್ಷ ಅವಳು ಹೊಡೆಯಲೂಬಹುದು. ಆಗ ಮತ್ತೆ ಮಾತಾಡಬೇಕು.

ರಾತ್ರಿ ಅಡುಗೆಮನೆಯಲ್ಲಿ ಅಕ್ಕ ದೋಸೆ ಹೊಯ್ಯುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಮಬ್ಬಿನ ಕಥೆ ಹೇಳಿದೆ. ಅವಳಿಗೆ ಗೆರೆಯ ಕಥೆ ಹೇಳಿಬಿಟ್ಟೆ ಅನ್ನುವುದನ್ನೂ ಒಪ್ಪಿಕೊಂಡೆ.

'ಗೊತ್ತು. ಅವತ್ತೇ ರಾತ್ರಿ ಬಂದು ಇಲ್ಲಿ ಮುಟ್ಟಿ ನೋಡಿದ್ಳು' ಅಂದಳು ಅಕ್ಕ, ಹುಬ್ಬು ತೋರಿಸಿ. ದೋಸೆ ಮಗುಚಿ ಹಾಕಿದಳು.

'ಸಾರಿ ಅಕ್ಕ' ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

'ಅಯ್ಯೋ ಹೋಗೇ. ನಿಂಗೆ ಅವತ್ತು ಯಾರಾದ್ರೂ ಹೇಳಿಕೊಟ್ಟಿದ್ರಾ, ಹೊಡೆಯೋ ಮುಂಚೆ ಯಾರು ಬರ್ತಾ ಇದಾರೆ ನೋಡು ಅಂತ? ಅಪ್ಪ ಒಲೆಗೆ ಹಾಕಿದ್ರು, ಅಷ್ಟೇ.' ತಟ್ಟೆಗೆ ದೋಸೆ ಹಾಕಿ ನನ್ನ ಕಡೆ ತಳ್ಳಿದಳು. 'ತಿನ್ನು. ಆರಿಹೋಗತ್ತೆ.'

ಹಾಲಿನಿಂದ ಭಾವನ ದನಿ ಕೇಳಿಸಿತು. 'ಮಬ್ಬು!'

ದಡಕ್ಕನೆ ಯಾರೋ ಕೂತ ಸದ್ದು.